ಮೂಲೆ ಕುಸಿದ ಕೇರಂ ಬೋರ್ಡು

ನಾನು ಒಂದು ಕೇರಂ ಬೋರ್ಡು. ಸೊಟ್ಟ ಬೋರ್ಡು ಎಂದು ಹೆಸರಿಟ್ಟು ನನ್ನನ್ನು ಆಟದಿಂದ ಎಬ್ಬಿಸಿದರು. ಅದಕ್ಕೇ ಮೊದಲು ಹೇಳಿಬಿಡುತ್ತೇನೆ, ಹುಟ್ಟುವಾಗ ನಾನು ಸೊಟ್ಟ ಇರಲಿಲ್ಲ.

ದಾವಣಗೆರೆಯ ಹಳೇಪೇಟೆಯಲ್ಲಿ ಮೌನೇಶಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ಹೊನ್ನೆ ಮರದ ಚೌಕಟ್ಟು, ನಡುವೆ ನುಣುಪಾದ ಪ್ಲೈವುಡ್, ನಾಲ್ಕು ಮೂಲೆಗೆ ನಾಲ್ಕು ತೂತು. ಮೈಯನ್ನೆಲ್ಲ ಮರಳು ಕಾಗದದಿಂದ ತಿಕ್ಕಿ, ಮೂರು ಸಲ ಪಾಲಿಶ್ ಬಳಿದು, ಕೊನೆಗೆ ಒಂದು ಬಿಳಿ ಕಾಯಿಯನ್ನು ಬೆರಳ ತುದಿಯಿಂದ ತಳ್ಳಿ ನೋಡಿದ. ಕಾಯಿ ನೇರವಾಗಿ ಹೋಗಿ ಎದುರಿನ ಕಟ್ಟೆಗೆ ಬಡಿದು, ಹೋದ ದಾರಿಯಲ್ಲೇ ವಾಪಸ್ ಬಂತು. "ಇದು ಯಾರ ಕಡೀಗೂ ವಾಲಲ್ಲ ನೋಡು" ಎಂದು ಹೆಂಡತಿಗೆ ಹೇಳಿದ. ನನ್ನ ಬಗ್ಗೆ ಯಾರಾದರೂ ಆಡಿದ ಮೊದಲ ಮಾತು ಅದು.

ಮೊದಲು ಕೊಂಡವರು ರೈಲ್ವೆ ಗಾರ್ಡ್ ಫಕೀರಪ್ಪ. ಅವರಿಗೆ ನಾಲ್ಕು ಹೆಣ್ಣುಮಕ್ಕಳು. ನಾಲ್ಕೂ ಕಡೆ ಒಬ್ಬೊಬ್ಬರು ಕೂತರೆ ಜಾಗ ಸರಿಹೋಗುತ್ತಿತ್ತು. ರವಿವಾರ ಮಧ್ಯಾಹ್ನ ಅವರು ಆಡುವಾಗ ಆಗುತ್ತಿದ್ದ ಜಗಳ ಪಕ್ಕದ ಬೀದಿಗೂ ಕೇಳುತ್ತಿತ್ತು. ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ಕೊನೆಯವಳು ಒಬ್ಬಳೇ ಬಿಳಿಯನ್ನೂ ಕಪ್ಪನ್ನೂ ತಾನೇ ಆಡಿಕೊಂಡು ಒಂದು ವರ್ಷ ಕಳೆದಳು. ಅವಳೂ ಹೋದ ಮೇಲೆ ನನ್ನನ್ನು ಹಳೇ ಸಾಮಾನಿನ ಅಂಗಡಿಗೆ ಹಾಕಿದರು. ಅಲ್ಲಿಂದ ಆಡಿಟರ್ ಕೊಟ್ರೇಶ್ ನನ್ನನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಗಿರಿಜಾ ಕಾಂಪ್ಲೆಕ್ಸಿಗೆ ತಂದರು.

ಗಿರಿಜಾ ಕಾಂಪ್ಲೆಕ್ಸ್ ಎಂದರೆ ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು. ಮೊದಲ ಮಹಡಿಯಲ್ಲಿ ಮೆಟ್ಟಿಲು ಮುಗಿಯುವ ಅಗಲವಾದ ಜಾಗದಲ್ಲಿ, ಕಿಟಕಿಯ ಹತ್ತಿರ, ಒಂದು ಸ್ಟೂಲಿನ ಮೇಲೆ ನನ್ನನ್ನು ಇಟ್ಟರು. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ತನಕ ಅಲ್ಲಿ ಮೂವರು ಕೂರುತ್ತಿದ್ದರು. ಆಡಿಟರ್ ಕೊಟ್ರೇಶ್, ಮನೆ ನಕ್ಷೆ ಬರೆಯುವ ಎಂಜಿನಿಯರ್ ಇಮ್ತಿಯಾಜ್, ಮತ್ತು ವಕೀಲ ಬಕ್ಕೇಶಪ್ಪ. ಒಂದು ಪೊಟ್ಟಣ ಮಂಡಕ್ಕಿ, ಆರು ಮಿರ್ಚಿ, ಒಂದು ಕೆಟಲ್ ಟೀ. ಗೋಡೆಗೆ ಒಂದು ಸ್ಲೇಟು ನೇತುಹಾಕಿದ್ದರು. ಆಡಬೇಕೆಂದವರು ಅದರಲ್ಲಿ ಹೆಸರು ಬರೆಯಬೇಕು, ಸೋತವರು ಏಳಬೇಕು, ಗೆದ್ದವರು ಕೂತೇ ಇರಬೇಕು. ಇದು ಕಾಯಿದೆ.

ಕೂತೇ ಇರುತ್ತಿದ್ದವರು ಬಕ್ಕೇಶಪ್ಪ.

ಅವರ ವಾದಗಳನ್ನೆಲ್ಲ ನಾನು ಬೆನ್ನ ಮೇಲೆ ಹೊತ್ತಿದ್ದೇನೆ. ಹೆಬ್ಬೆರಳಿನಿಂದ ಹೊಡೆಯಬಹುದೇ ಬಾರದೇ ಎಂದು ಹನ್ನೊಂದು ದಿನ ವಾದ ಮಾಡಿದರು. ಹನ್ನೊಂದನೇ ದಿನ ಬಕ್ಕೇಶಪ್ಪ ಲಿಖಿತ ತೀರ್ಪು ತಂದು ಓದಿದರು. ಅಕ್ಕಿ ಬಿಟ್ಟರೆ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ, ಮಗಳನ್ನು ಯಾವ ಶಾಲೆಗೆ ಹಾಕಬೇಕು, ಹೆಲ್ಮೆಟ್ಟಿನಿಂದ ಕೂದಲು ಉದುರುತ್ತದೆಯೇ, ಎಲ್ಲವೂ ನನ್ನ ಮೇಲೆಯೇ ಇತ್ಯರ್ಥವಾಗುತ್ತಿದ್ದವು. ಕಟ್ಟಡದ ವಿಷಯವೂ ಅಷ್ಟೇ. ನೀರಿನ ಟ್ಯಾಂಕ್ ಯಾವಾಗ ತೊಳೆಸಬೇಕು, ಯಾವ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನು ಕೇರಂ ಆಡುವವರು ಹೇಳುತ್ತಿದ್ದರು. ಉಳಿದವರು ಕೇಳುತ್ತಿದ್ದರು.

ಟೀ ಕೆಟಲನ್ನು ದಿನವೂ ನನ್ನ ಒಂದೇ ಮೂಲೆಯ ಮೇಲೆ ಇಡುತ್ತಿದ್ದರು. ಬಿಸಿ ಮೈಗೆ ತಾಗಿ ತಾಗಿ ಆ ಮೂಲೆ ಒಂದು ಕೂದಲಿನಷ್ಟು ಕುಸಿಯಿತು. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ನಿಧಾನವಾಗಿ ಬಂದ ಕಾಯಿ ಕೊನೆಗಳಿಗೆಯಲ್ಲಿ ಆ ಕಡೆಗೆ ತುಸು ತಿರುಗುತ್ತಿತ್ತು. ಕೊಟ್ರೇಶ್ ಇದನ್ನು ಗಮನಿಸಲಿಲ್ಲ, ಇಮ್ತಿಯಾಜ್ ಕೂಡ. ಬಕ್ಕೇಶಪ್ಪ ಗಮನಿಸಿದರು. ಅಂದಿನಿಂದ ಅವರು ಕಿಟಕಿಗೆ ಬೆನ್ನು ಹಾಕಿದ ಕುರ್ಚಿ ಬಿಟ್ಟು ಬೇರೆಡೆ ಕೂರಲಿಲ್ಲ. ಅಲ್ಲಿಂದ ಆ ಮೂಲೆ ಅವರ ಬಲಗೈ ಎದುರಿಗೆ ಬರುತ್ತಿತ್ತು. "ನಂಗೆ ಕಣ್ಣು ಮಂಜು ಕಣ್ರೀ, ಬೆಳಕು ಬೇಕು" ಎನ್ನುತ್ತಿದ್ದರು. ನನಗೆ ಬಾಯಿ ಇರಲಿಲ್ಲ. ಇದ್ದಿದ್ದರೆ ಅಂದೇ ಹೇಳುತ್ತಿದ್ದೆ.

ಹೀಗೆ ಒಂಬತ್ತು ವರ್ಷ ಕಳೆದವು.

ಆಗ ನನ್ನ ಎದುರಿನ ಕೋಣೆಗೆ ಹಲ್ಲಿನ ಡಾಕ್ಟರು ಬಂದರು. ಹೆಸರು ರುದ್ರಾಣಿ. ಮೂವತ್ತರ ಆಸುಪಾಸು, ಎಣ್ಣೆ ಹಚ್ಚಿ ಬಿಗಿದ ಜಡೆ, ಕಾಲಿಗೆ ಕ್ಯಾನ್ವಾಸ್ ಶೂ. ಅವರ ಕೋಣೆಯಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂದರೆ ಈ ಮೂವರ ಬೆರಳೂ ನಡುಗುತ್ತಿತ್ತು. ಬಕ್ಕೇಶಪ್ಪನವರಂತೂ ಸ್ಟ್ರೈಕರ್ ಕೆಳಗಿಟ್ಟು ದವಡೆ ಹಿಡಿದುಕೊಳ್ಳುತ್ತಿದ್ದರು. ಕೊಲೆ ಕೇಸು ನಡೆಸಿದ ಮನುಷ್ಯ!

ಬಂದ ವಾರವೇ ರುದ್ರಾಣಿ ಸ್ಲೇಟಿನಲ್ಲಿ ಹೆಸರು ಬರೆದರು. ಬಕ್ಕೇಶಪ್ಪ ಕರ್ಚೀಫಿನಿಂದ ಒರೆಸಿದರು. ಮರುದಿನ ಇವರು ಮತ್ತೆ ಬರೆದರು, ಅವರು ಮತ್ತೆ ಒರೆಸಿದರು.

"ಅಲ್ರೀ ಮೇಡಂ, ಇದು ಗಂಡಸರು ಕೂರೋ ಜಾಗ. ನೀವು ಪೇಷಂಟ್ ನೋಡ್ಕಳ್ರಿ."

"ಸ್ಲೇಟಿನ ಮೇಲೆ ಹಂಗೇನೂ ಬರ್ದಿಲ್ವಲ್ರೀ ಸಾರ್."

"ಬರೀಬೇಕೇನು ಅದನ್ನ?" ಎಂದು ಅವರು ನಕ್ಕರು. ಉಳಿದಿಬ್ಬರೂ ನಕ್ಕರು.

ಆದರೆ ಜಗಳ ಆದದ್ದು ಆಟಕ್ಕಲ್ಲ. ಬಕ್ಕೇಶಪ್ಪನವರ ಟೈಪಿಸ್ಟ್ ವಿಮಲಾಕ್ಷಿ ಒಂದು ದಿನ ಹಲ್ಲುನೋವೆಂದು ಆ ಕೋಣೆಗೆ ಹೋದರು. ನಲವತ್ತು ದಾಟಿದ, ಮಾತೇ ಇಲ್ಲದ ಹೆಂಗಸು. ಬಾಗಿಲು ತೆರೆದಿತ್ತು, ನನಗೆ ಎಲ್ಲವೂ ಕೇಳಿಸಿತು. ಹಲ್ಲು ನೋಡಿ ಆದ ಮೇಲೆ ರುದ್ರಾಣಿ ಒಂದು ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಕೊಟ್ಟರು. ವಿಮಲಾಕ್ಷಿ ಮಾತ್ರೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ಲೋಟ ಇಟ್ಟುಬಿಟ್ಟರು.

"ಪೂರ್ತಿ ಕುಡೀರಿ ಅಕ್ಕಾ. ತುಟಿ ನೋಡ್ರಿ ಹೆಂಗೆ ಒಡ್ದಾವೆ."

"ಬ್ಯಾಡ ಮೇಡಂ. ಕುಡುದ್ರೆ ಸಂಜೆತಂಕ ತಡ್ಯಾಕಾಗಲ್ಲ."

ಆಮೇಲೆ ಒಂದೊಂದೇ ಹೊರಬಂತು. ಮಹಡಿಯಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಶೌಚಾಲಯ ಕಟ್ಟಿದ್ದರು. ಹೆಂಗಸರದಕ್ಕೆ ಬೀಗ. ಒಳಗೆ ಬಕ್ಕೇಶಪ್ಪನವರ ಮುಗಿದ ಕೇಸುಗಳ ಕಟ್ಟುಗಳು ಸೂರಿನ ತನಕ ತುಂಬಿದ್ದವು. ಕಟ್ಟಡದ ಏಳು ಜನ ಹೆಂಗಸರು ರಸ್ತೆ ದಾಟಿ ಎದುರಿನ ಹೋಟೆಲಿಗೆ ಹೋಗಬೇಕಿತ್ತು. ಅಲ್ಲಿ ಟೀ ತೆಗೆದುಕೊಳ್ಳದೆ ಹಿಂದಕ್ಕೆ ಹೋದರೆ ಗಲ್ಲಾದಲ್ಲಿ ಕೂತವನು ಮುಖ ನೋಡುತ್ತಿದ್ದ. ಅದಕ್ಕೆ ವಿಮಲಾಕ್ಷಿ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಎರಡು ಸಲ ಮೂತ್ರದ ಸೋಂಕಾಗಿ ಮಲಗಿದ್ದರು. ಎರಡು ಸಲವೂ ರಜೆ ಚೀಟಿಯಲ್ಲಿ ತಲೆನೋವು ಎಂದು ಬರೆದಿದ್ದರು.

ರುದ್ರಾಣಿ ಕೈಗವಸು ಕಿತ್ತು ನೇರ ನನ್ನ ಬಳಿ ಬಂದರು. ಆಟ ನಡೆದಿತ್ತು.

"ಸಾರ್, ಲೇಡೀಸ್ ಟಾಯ್ಲೆಟ್ ಕೀ ಕೊಡ್ರಿ."

"ಅದು ರೆಕಾರ್ಡ್ ರೂಮಮ್ಮ."

"ಬಾಗ್ಲ ಮೇಲೆ ಹೆಣ್ಣಿನ ಚಿತ್ರ ಐತೆ."

"ಚಿತ್ರ ಇದ್ರೆ ಏನಾತು? ಹತ್ತು ವರ್ಷದಿಂದ ನನ್ನ ಅನುಭೋಗದಾಗೈತೆ" ಎಂದು ವಕೀಲರು ಒಂದು ಕಪ್ಪು ಕಾಯಿಯನ್ನು ತೂತಿಗೆ ಹಾಕಿದರು. ಹಾಕಿ ಖುಷಿಯಾಗಿ ಮುಖ ಎತ್ತಿದರು. "ಒಂದ್ ಕೆಲ್ಸ ಮಾಡಾಣ. ಆಡ್ಬೇಕು ಆಡ್ಬೇಕು ಅಂತಿದ್ರಲ್ಲ, ಬರ್ರಿ. ನನ್ನ ಸೋಲ್ಸಿಬಿಡ್ರಿ, ರೂಮು ಖಾಲಿ ಮಾಡ್ತೀನಿ."

"ಬರ್ದು ಕೊಡ್ರಿ" ಎಂದರು ರುದ್ರಾಣಿ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಬಕ್ಕೇಶಪ್ಪನವರಿಗೆ ಬರೆದುಕೊಡುವುದೆಂದರೆ ಹಬ್ಬ. ವಿಮಲಾಕ್ಷಿಯನ್ನು ಕರೆದು, ನಿಜವಾದ ಛಾಪಾ ಕಾಗದ ತರಿಸಿ, ನಗುತ್ತಾ ನಗುತ್ತಾ ಹೇಳಿ ಟೈಪ್ ಮಾಡಿಸಿದರು. ಒಂದನೇ ಪಾರ್ಟಿಯವರು ಸೋತಲ್ಲಿ ಸದರಿ ಕೋಣೆಯನ್ನು ಮೂರು ದಿನದೊಳಗೆ ತೆರವು ಮಾಡಿಕೊಡತಕ್ಕದ್ದು. ಎರಡನೇ ಪಾರ್ಟಿಯವರು ಸೋತಲ್ಲಿ ಮೇಲ್ಕಂಡ ಮೂವರ ಹಲ್ಲುಗಳನ್ನು ಆಜೀವಪರ್ಯಂತ ಪುಕ್ಕಟೆ ಸ್ವಚ್ಛ ಮಾಡಿಕೊಡತಕ್ಕದ್ದು, ಸದರಿ ವಿಷಯವನ್ನು ಮುಂದೆ ಎತ್ತತಕ್ಕದ್ದಲ್ಲ. ಕೂರುವ ಜಾಗ ವಾಡಿಕೆಯಂತೆ. ಕೊಟ್ರೇಶ್, ಇಮ್ತಿಯಾಜ್ ಸಾಕ್ಷಿ ಹಾಕಿದರು. ಕೊನೆಗೆ ವಕೀಲರು ಸೀಲು ಕೂಡ ಒತ್ತಿದರು. ಅಷ್ಟು ಚೆಂದದ ಕರಾರು ಪತ್ರ ಅವರು ಕಕ್ಷಿದಾರರಿಗೂ ಬರೆದುಕೊಟ್ಟಿರಲಿಕ್ಕಿಲ್ಲ.

ಶುಕ್ರವಾರ ಮಧ್ಯಾಹ್ನ ಆಟ. ಮೂರರಲ್ಲಿ ಎರಡು ಗೆದ್ದವರು ಗೆದ್ದಂತೆ. ಏಳೂ ಜನ ಹೆಂಗಸರು ಮೆಟ್ಟಿಲ ಮೇಲೆ ನಿಂತಿದ್ದರು. ವಿಮಲಾಕ್ಷಿ ಎಲ್ಲರಿಗಿಂತ ಹಿಂದೆ, ಗೋಡೆಗೆ ಅಂಟಿಕೊಂಡು. ಬಕ್ಕೇಶಪ್ಪ ಕಿಟಕಿಗೆ ಬೆನ್ನು ಹಾಕಿ ಕೂತರು. ರುದ್ರಾಣಿ ತಮ್ಮ ಕೋಣೆಯ ಯಂತ್ರದ ಸ್ವಿಚ್ ಆರಿಸಿ ಬಂದು ಎದುರು ಕೂತರು.

"ಯಾಕೆ ಆರ್ಸಿದ್ರಿ?" ಎಂದು ಕೇಳಿದರು ಇಮ್ತಿಯಾಜ್.

"ಸಾರ್‌ಗೆ ಕೈ ನಡುಗ್ಬಾರದಲ್ರೀ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಮೊದಲ ಆಟ ಬಕ್ಕೇಶಪ್ಪ ಗೆದ್ದರು. ನನ್ನ ಕುಸಿದ ಮೂಲೆಯಲ್ಲೇ ಐದು ಕಾಯಿ ಹಾಕಿದರು. ನನಗೆ ನಾಚಿಕೆಯಾಯಿತು. ಎರಡನೆಯದನ್ನು ರುದ್ರಾಣಿ ಕಷ್ಟಪಟ್ಟು ಗೆದ್ದರು. ಹಾಸ್ಟೆಲಿನಲ್ಲಿ ಐದು ವರ್ಷ ಪಳಗಿದ ಬೆರಳು ಅದು. ದಿನವಿಡೀ ಕತ್ತಲೆ ಬಾಯೊಳಗೆ ಸಾಸಿವೆಯಷ್ಟು ತೂತು ಹುಡುಕುವ ಕಣ್ಣು. ಎರಡನೇ ಆಟದ ಕೊನೆಗೆ ಒಂದು ಕಾಯಿ ನಿಲ್ಲುವ ಮುಂಚೆ ತುಸು ತಿರುಗಿತು. ಅವರು ಅದನ್ನು ನೋಡಿದರು. ಬೋರಿಕ್ ಪೌಡರ್ ಉದುರಿಸಿ, ಅಂಗೈಯಿಂದ ನನ್ನನ್ನು ಆ ಮೂಲೆಯ ತನಕ ನಿಧಾನವಾಗಿ ಸವರಿದರು. ಒಂಬತ್ತು ವರ್ಷದಲ್ಲಿ ನನ್ನ ಮೈ ಎಲ್ಲಿ ನೊಂದಿದೆ ಎಂದು ಮುಟ್ಟಿ ನೋಡಿದವರು ಅವರೊಬ್ಬರೇ.

ಮೂರನೇ ಆಟದಲ್ಲಿ ರೆಡ್ ಮತ್ತು ಒಂದೊಂದು ಕಾಯಿ ಉಳಿದವು. ಸರದಿ ರುದ್ರಾಣಿಯವರದು. ಕುಸಿದ ಮೂಲೆ ಅವರ ಎಡಗೈ ಪಕ್ಕದಲ್ಲೇ ಇತ್ತು. ಅಲ್ಲಿಗೆ ನೇರ ಹೊಡೆಯಲಾಗದು. ಅವರು ರೆಡ್ಡನ್ನು ಎದುರಿನ ಕಟ್ಟೆಗೆ ಮೆತ್ತಗೆ ಕಳಿಸಿದರು. ಕಟ್ಟೆಗೆ ತಾಗಿ ರೆಡ್ ವಾಪಸ್ ಬಂತು. ನಿಧಾನವಾಗಿ ಬಂತು, ಇನ್ನೇನು ನಿಂತಿತು ಎನ್ನುವಾಗ ಎಡಕ್ಕೆ ತಿರುಗಿ ತೂತಿನೊಳಗೆ ಬಿತ್ತು. ಕೊನೆಯ ಬಿಳಿಯನ್ನೂ ಅದೇ ದಾರಿಯಲ್ಲಿ ಕಳಿಸಿದರು. ಅದೂ ಬಿತ್ತು.

ಬಕ್ಕೇಶಪ್ಪ ಕುರ್ಚಿ ತಳ್ಳಿ ಎದ್ದರು. "ಇದು ನಡ್ಯಲ್ಲ! ಬೋರ್ಡು ಸೊಟ್ಟ ಐತೆ!"

"ಯಾವ ಕಡೀಗೆ ಸೊಟ್ಟ?" ಎಂದರು ಇಮ್ತಿಯಾಜ್.

"ಇಗೋ, ಈ ಮೂಲಿ!" ಎಂದು ಯೋಚನೆಯನ್ನೇ ಮಾಡದೆ ಬೆರಳಿಟ್ಟರು.

ಇಮ್ತಿಯಾಜ್ ಆಫೀಸಿನಿಂದ ಏರುತಗ್ಗು ಅಳೆಯುವ ರಸಮಟ್ಟ ತಂದು ನನ್ನ ಮೇಲಿಟ್ಟರು. ಗಾಜಿನ ಕೊಳವೆಯೊಳಗಿನ ಗುಳ್ಳೆ ತಗ್ಗಿದ ಆ ಮೂಲೆಯನ್ನು ಬಿಟ್ಟು ಎತ್ತರದ ಕಡೆಗೆ ಸರಿಯಿತು. "ಕರೆಕ್ಟ್ ಹೇಳಿದ್ರಿ ಸಾರ್. ನಂಗೇ ಈವರೆಗೆ ಗೊತ್ತಾಗಿರ್ಲಿಲ್ಲ. ನಿಮ್ಗೆಂಗೆ ಗೊತ್ತಾತು?"

"ಗೊತ್ತಿಲ್ದೇ ಏನ್ರಿ? ಒಂಬತ್ತ್ ವರ್ಷದಿಂದ ಗೊತ್ತು ನಂಗೆ!"

ಹೇಳಿದ ಮೇಲೆ ಅವರಿಗೆ ಅರಿವಾಯಿತು. ಬೆರಳನ್ನು ಮೂಲೆಯಿಂದ ಹಿಂದಕ್ಕೆಳೆದುಕೊಂಡರು.

ಕೊಟ್ರೇಶ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರೆ ಬಕ್ಕೇಶಣ್ಣ, ಒಂಬತ್ತ್ ವರ್ಷ ನಾನು ದಿನಾ ಸೋತು ಎದ್ದು ಹೋಗ್ತಿದ್ದೆ. ನಿಂಗೆ ಕಣ್ಣು ಮಂಜು ಅಂತ ನಾನೇ ಆ ಕುರ್ಚಿ ಒರ್ಸಿ ಕೊಡ್ತಿದ್ದೆ."

ವಕೀಲರು ದಾರಿ ಬದಲಿಸಿದರು. "ಪಂದ್ಯದ ಕರಾರು ಕಾನೂನಿನಾಗೆ ನಿಲ್ಲಲ್ಲ. ಯಾವ ಕೋರ್ಟಿಗೆ ಬೇಕಾದ್ರೂ ಹೋಗ್ರಿ."

ಆಗ ಗೋಡೆಯ ಬಳಿಯಿಂದ ಒಂದು ದನಿ ಬಂತು. ಅಷ್ಟು ವರ್ಷ ಆ ಕಟ್ಟಡದಲ್ಲಿದ್ದರೂ ಅದು ಯಾರ ದನಿ ಎಂದು ಕೊಟ್ರೇಶ್ ತಿರುಗಿ ನೋಡಬೇಕಾಯಿತು.

"ಷರತ್ತು ಆರು ಸಾರ್" ಎಂದರು ವಿಮಲಾಕ್ಷಿ. "'ಈ ಪತ್ರದ ಸಿಂಧುತ್ವವನ್ನು ಪ್ರಶ್ನಿಸುವ ಹಕ್ಕನ್ನು ಉಭಯ ಪಾರ್ಟಿಯವರೂ ಬಿಟ್ಟುಕೊಟ್ಟಿರುತ್ತಾರೆ.' ನೀವೇ ಹೇಳಿದ್ರಿ. ನಾನು ಟೈಪ್ ಮಾಡ್ದೆ." ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. "ಮತ್ತೆ ಸಾರ್, ನಂಗೆ ಎರಡು ಸಲ ಬಂದಿದ್ದು ತಲೆನೋವಲ್ಲ."

"ಆ ಷರತ್ತೂ ನಿಲ್ಲಲ್ಲ" ಎಂದರು ವಕೀಲರು. ಈ ಸಲ ಅವರ ದನಿ ಸಣ್ಣದಾಗಿತ್ತು.

"ನಿಲ್ಲದಿದ್ರೆ ಬಿಡ್ರಿ ಸಾರ್" ಎಂದು ರುದ್ರಾಣಿ ಛಾಪಾ ಕಾಗದ ಮಡಚಿಕೊಂಡರು. "ಗಾಜು ಹಾಕ್ಸಿ ನನ್ನ ಕ್ಲಿನಿಕ್‌ನಾಗೆ ನೇತಾಕ್ತೀನಿ. ನಿಮ್ಮ ಕಕ್ಷಿದಾರರು ಹಲ್ಲು ತೋರ್ಸಾಕೆ ಬಂದಾಗ ಓದ್ಕಳ್ಳಿ. ನಿಮ್ಮ ಸೀಲೂ ಐತಲ್ಲ."

ಸೋಮವಾರ ಸಂಜೆಯ ಹೊತ್ತಿಗೆ ಕಡತದ ಕಟ್ಟುಗಳು ಕೆಳಗಿಳಿದವು. ವಕೀಲರು ಮೂರು ದಿನ ವಿಮಲಾಕ್ಷಿಯೊಂದಿಗೆ ಮಾತಾಡಲಿಲ್ಲ. ನಾಲ್ಕನೇ ದಿನ ಮಾತಾಡಿದರು. ವಿಮಲಾಕ್ಷಿಯಂತೆ ತಪ್ಪಿಲ್ಲದೆ ಟೈಪ್ ಮಾಡುವವರು ಊರಿನಲ್ಲಿ ಬೇರೆ ಇರಲಿಲ್ಲ.

ಆಟಕ್ಕೆ ಹೊಸ ಬೋರ್ಡು ಬಂತು. ಸ್ಲೇಟಿನಲ್ಲಿ ಈಗ ರುದ್ರಾಣಿಯ ಹೆಸರು ಇರುತ್ತದಂತೆ, ಯಾರೂ ಒರೆಸುವುದಿಲ್ಲವಂತೆ. ನನ್ನನ್ನು ಬಕ್ಕೇಶಪ್ಪ ಗೋಡೆಗೆ ತಿರುಗಿಸಿ ನಿಲ್ಲಿಸಿದರು. "ಸೌದೆಗೆ ಹಾಕ್ರಿ ಅದನ್ನ" ಎಂದರು. ಸೋತವರಿಗೆ ಬಯ್ಯಲು ಏನಾದರೂ ಬೇಕು. ಬಯ್ಯಲಿ. ನನ್ನ ಮೂಲೆ ಕುಸಿಯಲು ಕೆಟಲು ಕಾರಣ. ಕುಸಿದದ್ದನ್ನು ಮುಚ್ಚಿಟ್ಟವನು ನಾನಲ್ಲ.

ಕೋಣೆ ಖಾಲಿಯಾದ ಮೇಲೆ ಒಂದು ತೊಂದರೆ ಕಂಡಿತು. ಕಡತಗಳ ಹಿಂದಿದ್ದ ಕಿಟಕಿಯ ಗಾಜು ಒಡೆದಿತ್ತು. ಅದರ ಎದುರಿಗೇ ಪಕ್ಕದ ಲಾಡ್ಜಿನ ತಾರಸಿ. ಅಲ್ಲಿ ಬೀಡಿ ಸೇದಲು ಬರುವ ಗಂಡಸರು ಈ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದರು. ಬೀಗ ತೆಗೆದರೂ ಹೆಂಗಸರು ಒಳಗೆ ಹೋಗಲು ಹಿಂಜರಿದರು. ಅಳತೆ ನೋಡಿದವರು ವಿಮಲಾಕ್ಷಿ. ನನ್ನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಕಿಟಕಿಗೆ ಹಿಡಿದರು. ಒಂದು ಬೆರಳಿನಷ್ಟೂ ಸಂದಿಲ್ಲದಂತೆ ಕೂತೆ. ಕರೆಸಿದ ಬಡಗಿಯೊಬ್ಬ ಎಂಟು ಸ್ಕ್ರೂ ಬಿಗಿದ. ನನ್ನ ನಾಲ್ಕು ತೂತಿಗೂ ದಪ್ಪ ಜಾಲರಿ ಹೊಡೆದ.

ಈಗ ನಾನು ಇಲ್ಲೇ ಇದ್ದೇನೆ. ವಯಸ್ಸಾಗಿದೆ, ಪಾಲಿಶ್ ಎದ್ದಿದೆ. ಕೇರಂ ಬೋರ್ಡಿಗೆ ಇಂಥ ಗತಿಯೇ ಎಂದು ಮೂಗು ಮುಚ್ಚಿಕೊಂಡು ಕನಿಕರಪಡುವವರಿದ್ದಾರೆ. ಅವರ ಕನಿಕರ ಅವರಲ್ಲೇ ಇರಲಿ. ಹಿಂದೆ ನನ್ನನ್ನು ಅಂಗಾತ ಮಲಗಿಸಿ ಆಡುತ್ತಿದ್ದರು. ಈಗ ನಾನು ನೆಟ್ಟಗೆ ನಿಂತಿದ್ದೇನೆ. ಮಧ್ಯಾಹ್ನ ವಿಮಲಾಕ್ಷಿ ಒಂದು ಚೊಂಬು ನೀರನ್ನು ಗಟಗಟ ಕುಡಿಯುವ ಸದ್ದು ಇಲ್ಲಿಯ ತನಕ ಕೇಳುತ್ತದೆ. ನನ್ನ ಬೆನ್ನು ಹೆಂಗಸರ ಕಡೆಗಿದೆ, ಮುಖ ತಾರಸಿಯ ಕಡೆಗಿದೆ. ಅಲ್ಲಿ ನಿಂತು ಇತ್ತ ನೋಡಬೇಕೆಂದವನು ನೋಡಲಿ. ನನ್ನನ್ನೇ ನೋಡಬೇಕು.