ಕೊಳೆ ಬಟ್ಟೆಯ ಭವಿಷ್ಯ

ಲಾಂಡ್ರಿಗೆ ತಮ್ಮ ಬಂದಾಗ ಅಕ್ಕ ದೊಡ್ಡ ಮೆಷಿನ್ನಿನ ಬಾಗಿಲನ್ನು ಮಂಡಿಯಿಂದ ಒತ್ತಿ ಹಿಡಿದು ನಿಂತಿದ್ದಳು. ಅದರ ಕೊಂಡಿ ಸಡಿಲ. ಮೊದಲ ಐದು ನಿಮಿಷ ಯಾರಾದರೂ ಒತ್ತಿ ಹಿಡಿಯದಿದ್ದರೆ ನೊರೆಯೆಲ್ಲ ನೆಲಕ್ಕೆ. ತಮ್ಮ ಬಂದವನೇ ಇಸ್ತ್ರಿ ಮೇಜಿನ ಮೇಲೆ ಕುಕ್ಕರಿಸಿದ.

"ಈ ಸಲ ನಾಲ್ಕಕ್ಕೆ ನಾಲ್ಕೂ ಸರಿ ಇರ್ಬೇಕಂತೆ ಅಕ್ಕಾ. ಒಂದು ತಪ್ಪಿದ್ರೂ ಫುಟ್‌ಬಾಲ್ ಅಂಕಣ ಬೇರೆಯವರಿಗೆ, ನನಗೆ ವಾರಭವಿಷ್ಯದ ಪುಟ. ಸಂಪಾದಕರು ಹೇಳಿಬಿಟ್ರು."

"ಹೋಗು, ಅಲ್ಲಿ ನಿನ್ನ ಕೈ ಚೆನ್ನಾಗಿ ಓಡುತ್ತೆ. ಸುಳ್ಳು ಬರೆದು ಪಳಗಿದೆಯಲ್ಲ."

ಹೇಳಿದ್ದು ತಮಾಷೆಗೆ, ಆದರೆ ಅವನ ಮುಖ ಬಾಡಿತು. ಆ ಅಂಕಣವೆಂದರೆ ಅವನಿಗೆ ಪ್ರಾಣ. ಲೀಗಿನಲ್ಲಿ ಹತ್ತು ತಂಡ. ಪ್ರತಿ ವರ್ಷ ಅರ್ಧ ಸೀಸನ್ ಮುಗಿದಾಗ, ಪ್ಲೇಆಫ್‌ಗೆ ಹೋಗುವ ನಾಲ್ಕು ಯಾವುವು ಎಂದು ಅವನು ಪತ್ರಿಕೆಯಲ್ಲಿ ಬರೆಯುತ್ತಿದ್ದ. ಮೂರು ವರ್ಷದಿಂದ ಬರೆದದ್ದೆಲ್ಲ ತಲೆಕೆಳಗು. ಹೋದ ವರ್ಷ ಒಂದು ಸರಿಯಾಗಿತ್ತು, ಅದೂ ಅಚ್ಚಿನ ತಪ್ಪಿನಿಂದ. ಆಫೀಸಿನಲ್ಲಿ ಅವನಿಗೆ ಪಂಡಿತ ಎಂದು ಹೆಸರು ಬಿದ್ದಿತ್ತು.

"ಅಂಕಪಟ್ಟಿ ನೋಡಿ ಬರೆದರೆ ಇನ್ನೇನಾಗುತ್ತೆ? ಬಟ್ಟೆ ನೋಡೋ," ಎಂದಳು ಅಕ್ಕ.

ಲಾಂಡ್ರಿ ಇದ್ದದ್ದು ಸ್ಟೇಡಿಯಂ ಹಿಂಬದಿಯ ಗೋಡೆಗೆ ಒತ್ತಿ. ಊರಿನ ತಂಡದ ಬಟ್ಟೆಯೂ ಅಲ್ಲಿಗೇ, ಆಡಲು ಬಂದ ಪರ ಊರವರ ಬಟ್ಟೆಯೂ ಅಲ್ಲಿಗೇ. ಹತ್ತೂ ತಂಡಗಳ ಬೆವರು ಅವಳ ಕೈ ದಾಟಿ ಹೋಗಿತ್ತು. ಚೆಂಡಿಗಾಗಿ ನೆಲಕ್ಕೆ ಬಿದ್ದು ಜಾರಿದವನ ಚಡ್ಡಿಯಲ್ಲಿ, ಸೊಂಟದ ಪಕ್ಕ, ಹುಲ್ಲಿನ ಹಸಿರು ನೂಲಿನೊಳಕ್ಕೆ ಇಳಿದಿರುತ್ತದೆ. ಆಡದೆ ಬೆಂಚಿನಲ್ಲಿ ಕೂತವನ ಅಂಗಿಯೂ ಬೆವರಿದ್ದರೆ, ಕರೆ ಬಂದೀತೆಂದು ಅವನು ಪಕ್ಕದಲ್ಲಿ ಓಡುತ್ತಲೇ ಇದ್ದ ಎಂದರ್ಥ. ಅಂಥ ತಂಡ ಮೇಲೆ ಬರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಅವಳು ನಾಲ್ಕು ತಂಡಗಳ ಹೆಸರು ಹೇಳಿದಳು, ಅವನು ಬರೆದುಕೊಂಡ. ನಾಲ್ಕನೆಯದು ಬಂದರಿನ ತಂಡ.

"ನಮ್ಮೂರಿನದು?"

"ನಮ್ಮವರ ಬಿಳಿ ಚಡ್ಡಿ ಒಗೆಯೋಕೆ ಹಾಕೋದೇ ದಂಡ. ಮಡಚಿ ವಾಪಸ್ ಕಳಿಸಬಹುದು."

ಈ ಪುಣ್ಯಾತ್ಮ ಅದನ್ನೂ ಬರೆದ. 'ಚಡ್ಡಿ ಮಾಸದ ತಂಡ ಪ್ಲೇಆಫ್‌ನ ಮುಖ ನೋಡುವುದಿಲ್ಲ' ಎಂಬ ತಲೆಬರಹ. ಊರಿಗೆ ಊರೇ ನಕ್ಕಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಆಟಗಾರರನ್ನು ಕಂಡವರೆಲ್ಲ ಮೊದಲು ನೋಡುತ್ತಿದ್ದದ್ದು ಸೊಂಟದ ಕೆಳಗೆ.

ಮುಂದಿನ ವಾರ ಬಟ್ಟೆಯ ಚೀಲ ಹೊತ್ತು ಸ್ವತಃ ಕ್ಯಾಪ್ಟನ್ ಬಂದ. "ಈ ವಾರ ಸ್ವಲ್ಪ ಕೊಳೆ ಜಾಸ್ತಿ ಅಕ್ಕಾ. ನಿಮ್ಮ ತಮ್ಮನಿಗೂ ಹೇಳಿ."

ಅಕ್ಕ ಚೀಲ ಸುರಿದಳು. ಚಡ್ಡಿಗಳೆಲ್ಲ ಕೆಸರು. ಒಂದನ್ನೆತ್ತಿ ಕೊಡವಿದರೆ ಮಣ್ಣು ಹಪ್ಪಳದಂತೆ ಉದುರಿತು, ಕೆಳಗೆ ಬೆಳ್ಳಗಿನ ಬಟ್ಟೆ. ಗೋಲ್‌ಕೀಪರ್ ಅಂತೂ ಅಂಗಿಯ ಒಳಮೈಗೂ ಮಣ್ಣು ಬಳಿದಿದ್ದ.

"ನಿಮ್ಮ ಗೋಲ್‌ಕೀಪರ್ ಅಂಗೀನ ತಿರುಗಿಸಿ ಹಾಕ್ಕೊಂಡು ಆಡಿದ್ನಾ ಅಪ್ಪಾ?"

ಕ್ಯಾಪ್ಟನ್ ಕಿವಿ ಕೆಂಪಾಯಿತು. ಚೀಲ ಅಲ್ಲೇ ಬಿಟ್ಟು ಹೊರಟುಹೋದ. ಅವತ್ತು ಅಕ್ಕ ಮೆಷಿನ್ ಸದ್ದಿಗೂ ಮೀರಿ ನಕ್ಕಳು.

ಆದರೆ ಆ ಮಾತು ಎಲ್ಲಿಗೆ ಚುಚ್ಚಬೇಕೋ ಅಲ್ಲಿಗೇ ಚುಚ್ಚಿತ್ತು. ಎರಡು ವಾರ ಕಳೆದು ಬಂದ ಚೀಲದಲ್ಲಿ ಕೆಸರು ಕಡಿಮೆ, ಹಸಿರು ಹೆಚ್ಚು. ಮೂರು ಸಲ ಸೋಪು ಹಾಕಿ ಉಜ್ಜಿದರೂ ಸೊಂಟದ ಕಲೆ ಜಪ್ಪಯ್ಯ ಎನ್ನಲಿಲ್ಲ. ಬೆಂಚಿನವರ ಐದೂ ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಇತ್ತ ಬಂದರಿನ ತಂಡ ಮತ್ತೊಮ್ಮೆ ಆಡಲು ಬಂದು ಬಿಟ್ಟುಹೋದ ಬಟ್ಟೆ ಮದುವೆಗೆ ಹೊರಟವರ ಹಾಗೆ ಸ್ವಚ್ಛ. ಅಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಹುಟ್ಟಿದಾಗಿನಿಂದ ಈ ಗೋಡೆಯಾಚೆಯ ಕೂಗು ಕೇಳಿ ಬೆಳೆದವಳು, ತನ್ನೂರ ತಂಡ ಪ್ಲೇಆಫ್ ಆಡಿದ್ದನ್ನು ಒಮ್ಮೆಯೂ ಕಂಡವಳಲ್ಲ.

ಖುಷಿ ಇಳಿಯುವ ಮೊದಲೇ ತಮ್ಮ ಬಾಗಿಲಲ್ಲಿ ನಿಂತಿದ್ದ. ಪಟ್ಟಿಯಲ್ಲಿ ಒಂದೇ ಒಂದು ಹೆಸರು ಬದಲಿಸಲು ಸಂಪಾದಕರು ಅವಕಾಶ ಕೊಟ್ಟಿದ್ದರು. ಅದಕ್ಕೆ ಆ ಸಂಜೆಯೇ ಕೊನೆ.

"ಹೇಳು ಅಕ್ಕಾ. ಬಂದರಿನವರನ್ನ ತೆಗೆದು ನಮ್ಮವರನ್ನ ಹಾಕ್ಲಾ? ಎರಡು ಮ್ಯಾಚ್ ಗೆದ್ದಿದಾರೆ."

ಅಕ್ಕ ಕೈಯಲ್ಲಿದ್ದ ಚಡ್ಡಿಯನ್ನು ಬಕೆಟ್ಟಿನೊಳಕ್ಕೆ ಅದ್ದಿದಳು. ಹೌದು ಎಂದರೆ ತಮ್ಮನ ಅಂಕಣ ಉಳಿಯುತ್ತದೆ. ಆದರೆ ನಾಳೆ ಪತ್ರಿಕೆಯಲ್ಲಿ 'ನಮ್ಮವರು ಹೋಗುವುದು ಖಚಿತ' ಎಂದು ಬಂದರೆ ಈ ಹುಡುಗರು ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಇದೇ ತಮ್ಮ ಹಾಗೆ ಬರೆದಿದ್ದ. ಆಮೇಲೆ ಸೀಸನ್ ಮುಗಿಯುವವರೆಗೆ ಚಡ್ಡಿಗೆ ಒಂದು ಹುಲ್ಲುಕಡ್ಡಿಯೂ ಅಂಟಲಿಲ್ಲ. ಅವರು ಹೊಗಳಿಕೆಗೆ ಉಬ್ಬಿ ಕೂರುವ ಜನ, ಬೈಗುಳಕ್ಕೆ ಏಳುವ ಜನ. ಒಡಹುಟ್ಟಿದವನು ಒಂದು ಕಡೆ, ಊರು ಇನ್ನೊಂದು ಕಡೆ. ಇಂಥ ಅಡಕತ್ತರಿಗೆ ಸಿಕ್ಕಿಸಿದ ಎಲ್ಲರನ್ನೂ ಅವಳು ಮನಸ್ಸಿನಲ್ಲೇ ಶಪಿಸಿದಳು.

"ಬಳಿದದ್ದು ಕಣೋ," ಎಂದಳು ಬಕೆಟ್ಟನ್ನೇ ನೋಡುತ್ತ. "ಎಲ್ಲ ಕೈಯಲ್ಲಿ ಬಳಿದ ಮಣ್ಣು. ಪಟ್ಟಿ ಹಾಗೇ ಇರಲಿ."

ಅವನು ಸರಿ ಎಂದು ಹೋದ. ಅವತ್ತು ಅಕ್ಕನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಪಟ್ಟಿ ಹಾಗೆಯೇ ಅಚ್ಚಾಯಿತು, ಜೊತೆಗೆ ಇನ್ನೆರಡು ಚುಚ್ಚುಮಾತು. ಕ್ಯಾಪ್ಟನ್ ಅದನ್ನು ಕತ್ತರಿಸಿ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿದನಂತೆ. ಕೊನೆಯ ಪಂದ್ಯದಲ್ಲಿ ಗೋಡೆಯಾಚೆ ಎದ್ದ ಕೂಗಿಗೆ ಲಾಂಡ್ರಿಯ ಕಿಟಕಿ ಗಡಗಡಿಸಿತು. ಊರ ತಂಡ ನಾಲ್ಕನೆಯದಾಗಿ ಒಳಹೊಕ್ಕಿತು, ಬಂದರಿನವರು ಹೊರಬಿದ್ದರು. ಪಂಡಿತನ ಪಟ್ಟಿಯಲ್ಲಿ ಮೂರು ಸರಿ, ಒಂದು ತಪ್ಪು.

ಎರಡು ದಿನ ಬಿಟ್ಟು ಅವನು ಬಂದ. ಅಕ್ಕ ಅವನ ಕೈಹಿಡಿದು ಕೂರಿಸಿದಳು. "ನನ್ನನ್ನ ಬೈಯ್ಯೋ. ಅವತ್ತು ನಿನಗೆ ಸುಳ್ಳು ಹೇಳಿದೆ. ಅದು ನಿಜವಾದ ಹಸಿರೇ ಆಗಿತ್ತು."

"ಗೊತ್ತು."

"ಏನು ಗೊತ್ತು?"

"ಅವತ್ತು ಒಳಗೆ ಬರೋವಾಗ್ಲೇ ಹಗ್ಗದ ಮೇಲೆ ಒಣಗ್ತಿದ್ದ ನಮ್ಮವರ ಚಡ್ಡಿ ನೋಡಿದ್ದೆ ಅಕ್ಕಾ. ಅಮ್ಮನ ಜೊತೆ ಇದೇ ಕೋಣೇಲಿ ಹತ್ತು ವರ್ಷ ಬಟ್ಟೆ ಹಿಂಡಿದೀನಿ, ನನಗೆ ಹುಲ್ಲಿನ ಕಲೆ ತಿಳಿಯಲ್ವಾ?"

"ಮತ್ತೆ ನನ್ನನ್ನ ಯಾಕೋ ಕೇಳಿದೆ?"

"ನೀನು ಹೂಂ ಅಂದಿದ್ರೆ ಬದಲಿಸಿಬಿಡ್ತಿದ್ದೆ. ಬರೆದ್ರೆ ಅವರು ಮತ್ತೆ ಉಬ್ಬಿ ಕೂರ್ತಾರೆ ಅಂತ ಗೊತ್ತಿದ್ರೂ, ಅಂಕಣದ ಆಸೆ ತಡೀತೀನಿ ಅಂತ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ." ಅವನು ಮೆಷಿನ್ನಿನ ಬಾಗಿಲಿಗೆ ಮಂಡಿ ಕೊಟ್ಟು ಒತ್ತಿ ಹಿಡಿದ. "ಇಷ್ಟು ವರ್ಷದಲ್ಲಿ ನಾನು ಸರಿಯಾಗಿ ಊಹಿಸಿದ್ದು ಅದೊಂದೇ ತಂಡ. ಅದನ್ನ ಮಾತ್ರ ಬರೆಯೋ ಹಾಗಿರಲಿಲ್ಲ."