ಮೂವತ್ತೆಂಟು ಮಂದಿ ಕೊಟ್ರಪ್ಪ

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ಕ್ರಾಂತಿ ಗ್ರಾಫಿಕ್ಸ್ ಅಂತ ಒಂದು ಅಂಗಡಿ. ಒಂದು ಶಟರು, ಎರಡು ಕಂಪ್ಯೂಟರು, ಕೆಲಸದವಳೂ ಒಡತಿಯೂ ಒಬ್ಬಳೇ. ಆಕೆ ಕ್ರಾಂತಿ, ಎರಡು ವರ್ಷದ ಹಿಂದೆ ನಿವೃತ್ತನಾದ ಪೋಸ್ಟ್‌ಮನ್ ಗಂಗಪ್ಪನ ಮಗಳು. ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ಚುನಾವಣೆ ಬಂದರೆ ಕೈಮುಗಿದ ಮುಖಗಳು, ಇಷ್ಟೇ ಅವಳ ಹೊಟ್ಟೆಪಾಡು. ಈ ಸಲ ಬಂದದ್ದು ಮಾತ್ರ ಬೇರೆ ಕೆಲಸ.

ಕಣ್ಣಿನ ಶಿಬಿರದವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕು ಸುತ್ತಿ ಮುದುಕ ಮುದುಕಿಯರ ಕಣ್ಣು ನೋಡಿದ್ದರು. ಪೊರೆ ಬಲಿತದ್ದು ಎಡಗಣ್ಣೋ ಬಲಗಣ್ಣೋ ಬರೆದುಕೊಂಡು ಹೋಗಿದ್ದರು. ಈಗ ಆಪರೇಷನ್. ಫೋನಿಲ್ಲದ ಹದಿನಾಲ್ಕು ನೂರು ಮಂದಿಗೆ ಅಂಚೆ ಕಾರ್ಡು ಹೋಗಬೇಕು. ಯಾವ ಕಣ್ಣು, ಯಾವ ದಿನ, ಎಷ್ಟನೇ ಟೋಕನ್, ಎಲ್ಲವೂ ಕಾರ್ಡಿನಲ್ಲೇ ಅಚ್ಚಾಗಿರುತ್ತದೆ. ಕಾರ್ಡು ಮುಟ್ಟದವರು ಇನ್ನೊಂದು ವರ್ಷ ಕಾಯಬೇಕು. ಎಂಬತ್ತರ ಹತ್ತಿರ ಇದ್ದವರಿಗೆ ಒಂದು ವರ್ಷವೆಂದರೇನು ಅಂತ ಬಿಡಿಸಿ ಹೇಳಬೇಕೆ?

ಕ್ರಾಂತಿ ವಾರವಿಡೀ ಜೀವ ತೇದು ಆ ಕಾರ್ಡು ಮಾಡಿದಳು. ಓದುವವರ ಕಣ್ಣೇ ಮಬ್ಬು ತಾನೆ? ಅದಕ್ಕೇ ಕಪ್ಪು ನೆಲದ ಮೇಲೆ ಹಳದಿ ಬಣ್ಣದಲ್ಲಿ ಅಂಗೈಯಗಲದ ತಾರೀಖು. ಆ ಕಪ್ಪನ್ನು ಕತ್ತರಿಸುವ ಗೆರೆಯಿಂದ ಮೂರು ಮಿಲಿಮೀಟರ್ ಆಚೆಗೂ ಹರಡಿದಳು; ಇಲ್ಲದಿದ್ದರೆ ಕಟಿಂಗ್ ಮಷೀನು ಕೂದಲೆಳೆಯಷ್ಟು ಜಾರಿದರೂ ಅಂಚಿನಲ್ಲಿ ಬಿಳಿ ಗೀರು ಇಣುಕುತ್ತದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗದಂತೆ ಅಕ್ಷರಗಳನ್ನೆಲ್ಲ ಚಿತ್ರವಾಗಿಸಿದಳು. ಹಿಂಬದಿಯ ಬಲ ಅರ್ಧವನ್ನು ವಿಳಾಸಕ್ಕೂ ಅಂಚೆಯವರ ಮುದ್ರೆಗೂ ಬಿಟ್ಟಳು. ಉಳಿದದ್ದು ಹೆಸರಿನ ಪಟ್ಟಿಯೊಂದೇ.

ಆ ಪಟ್ಟಿಯಲ್ಲಿ ಇದ್ದದ್ದು ಹೆಸರು, ಊರು, ವಯಸ್ಸು, ಎಡ ಇಲ್ಲವೇ ಬಲ. ತಂದೆಯ ಹೆಸರಿಲ್ಲ, ಓಣಿಯಿಲ್ಲ. ಅದೇ ಹೆಸರು, ಅದೇ ಊರು ಮತ್ತೆ ಮತ್ತೆ ಬರುತ್ತಿತ್ತು. ಶಿಬಿರದವರು ಒಬ್ಬರನ್ನೇ ನಾಲ್ಕಾರು ಸಲ ಬರೆದಿರಬೇಕು, ವಯಸ್ಸು ಹೇಗೂ ಅಂದಾಜಿನದು ಅಂದುಕೊಂಡು, ಒಂದೇ ಥರದ ಹೆಸರುಗಳನ್ನು ತೆಗೆದುಹಾಕು ಎಂದು ಕಂಪ್ಯೂಟರಿಗೆ ಹೇಳಿದಳು. ಕಣ್ಣುಮುಚ್ಚಿ ತೆರೆಯುವುದರೊಳಗೆ ತೊಂಬತ್ತು ಚಿಲ್ಲರೆ ಸಾಲು ಮಾಯ. ಪಟ್ಟಿ ಚೊಕ್ಕವಾಯಿತೆಂದು ಹಿಗ್ಗಿ ಫೈಲನ್ನು ದಾವಣಗೆರೆಯ ಪ್ರೆಸ್ಸಿಗೆ ಕಳಿಸಿಯೂ ಬಿಟ್ಟಳು. ಮೂರು ಗಂಟೆಗೆ ಮಷೀನು ಶುರು, ಸಂಜೆ ಅಲ್ಲಿಂದಲೇ ಅಂಚೆಗೆ ಚೀಲ ಅಂತ ಪ್ರೆಸ್ಸಿನ ಬೀರಲಿಂಗೇಶ್ ತಿಳಿಸಿದ.

ಒಂದು ಗಂಟೆಯ ಹೊತ್ತಿಗೆ ಗಂಗಪ್ಪ ಮಗಳಿಗೆ ಬುತ್ತಿ ತಂದ. ಪರದೆಯ ಮೇಲೆ ಒಂದು ಕಾರ್ಡಿನ ವಿಳಾಸ ಕಾಣುತ್ತಿತ್ತು. ಅಂಚೆಯವನ ಚಟ ಬಿಡುತ್ತದೆಯೇ, ಬಗ್ಗಿ ಓದಿದ.

"ಇಂವ ಯಾವ ಕೊಟ್ರಪ್ಪ?"

"ಕೊಟ್ಟೂರಿನ ಕೊಟ್ರಪ್ಪ, ಯಪ್ಪ. ಅಲ್ಲೇ ಬರದೈತಲ್ಲ."

"ಅದನ್ನ ಕೇಳಾಕತ್ತೀನಿ. ಯಾವ ಕೊಟ್ರಪ್ಪ?"

"ಒಬ್ಬನ ಅದಾನ. ಅವನ ಹೆಸರು ಭಾಳ ಸಲ ಬಂದಿತ್ತು, ತಗದು ಹಾಕೀನಿ."

ಗಂಗಪ್ಪ ಬುತ್ತಿಯನ್ನು ಮೇಜಿನ ಮೇಲಿಟ್ಟು ಮಗಳ ಮುಖವನ್ನೇ ನೋಡಿದ. "ಅಲ್ಲವ್ವ, ಈ ಊರಾಗ ಮನಿಗೊಬ್ಬ ಕೊಟ್ರಪ್ಪ ಅದಾನ. ಒಬ್ಬನ್ನ ಇಟ್ಕೊಂಡು ಉಳದಾರನ್ನ ಏನ್ ಮಾಡ್ದಿ?"

ಊರ ಸ್ವಾಮಿ ಕೊಟ್ರೇಶನ ಹೆಸರು ಮನೆಗೊಂದು ಇರಲೇಬೇಕೆನ್ನುವ ಊರು ಅದು. ಕ್ರಾಂತಿಯ ಶಾಲೆಯಲ್ಲಿ ಒಂದೇ ಬೆಂಚಿಗೆ ಮೂವರು ಕೊಟ್ರೇಶರಿದ್ದರು. ಅಲ್ಲೇ ಹುಟ್ಟಿ ಬೆಳೆದವಳು ಮಾಡುವ ತಪ್ಪೇ ಇದು? ಹಳೆಯ ಪಟ್ಟಿ ತೆರೆದು ಎಣಿಸಿದಳು. ಕೊಟ್ರಪ್ಪ, ಕೊಟ್ಟೂರು: ಮೂವತ್ತೆಂಟು ಸಾಲು. ಬೀರಲಿಂಗೇಶನಿಗೆ ಫೋನು ಹಚ್ಚಿ ಮಷೀನು ತಡವಾಗಿ ಶುರು ಮಾಡಲು ಬೇಡಿಕೊಂಡಳು. "ಮೂರರ ಮ್ಯಾಲ ಒಂದು ನಿಮಿಷ ಆಗಂಗಿಲ್ಲ ಮೇಡಂ, ಬ್ಯಾರೆ ಕೆಲಸ ಕಾಯಾಕತ್ಯಾವ" ಎಂದ.

ಸಾಲುಗಳನ್ನು ವಾಪಸ್ ತರುವುದೇನೋ ಸುಲಭ. ಆದರೆ ಒಂದೇ ವಿಳಾಸದ ಮೂವತ್ತೆಂಟು ಕಾರ್ಡು ಹೊತ್ತ ಹೊಸ ಪೋಸ್ಟ್‌ಮನ್ ಯಾವುದನ್ನು ಯಾರಿಗೆ ಕೊಡಬೇಕು? ಎಡಗಣ್ಣಿನವನ ಕೈಗೆ ಬಲಗಣ್ಣಿನ ಕಾರ್ಡು ಸಿಕ್ಕರೆ ಗತಿಯೇನು? ಕ್ರಾಂತಿಗೆ ಅಳು ಬಂತು.

ಗಂಗಪ್ಪ ಸ್ಟೂಲು ಎಳೆದುಕೊಂಡು ಕೂತ. "ವಯಸ್ಸು ಓದು. ಕಣ್ಣು ಓದು."

"ಎಪ್ಪತ್ತೊಂದು, ಎಡ."

ಅವನು ಕಣ್ಣು ಮುಚ್ಚಿಕೊಂಡ. "ಬಡಿಗೇರ ಕೊಟ್ರಪ್ಪ. ಪಿಂಚಣಿಗೆ ಸಹಿ ಹಾಕೋ ಹೊತ್ನ್ಯಾಗ ಮುಖ ಎಡಕ್ಕ ಹೊಳ್ಳಸ್ತಿದ್ದ, ಬಲಗಣ್ಣೀಲೆ ನೋಡಾಕ. ಹಿಟ್ಟಿನ ಗಿರಣಿ ಎದುರು ಮನಿ, ಬರ್ಕ."

"ಅರವತ್ತೆಂಟು, ಬಲ."

"ಹಗ್ಗದ ಕೊಟ್ರಪ್ಪ. ಬಲಗಡೆ ಕಾಣತಿರಲಿಲ್ಲ, ಹೆಬ್ಬಟ್ಟು ಕಾಗದದ ಹೊರಗ ಒತ್ತತಿದ್ದ. ನಾನ ಕೈ ಹಿಡದು ಒತ್ತಸ್ತಿದ್ದೆ. ಕುರಿಹಟ್ಟಿ ಹಿಂದ."

"ಮತ್ತೊಬ್ಬ ಎಪ್ಪತ್ತೊಂದು, ಎಡ."

"ಮಿರ್ಚಿ ಕೊಟ್ರಪ್ಪ. ಎಡಗಡೆಯಿಂದ ಹೋಗಿ ನಿಂತ್ರ, ಕೂಗೋ ತನಕ ಗೊತ್ತ ಆಗತಿರಲಿಲ್ಲ."

ಅಪ್ಪ ಹೇಳುತ್ತಾ ಹೋದ, ಮಗಳು ಕುಟ್ಟುತ್ತಾ ಹೋದಳು. ಒಂದು ಕಡೆಯೂ ಅವನು ತಡವರಿಸಲಿಲ್ಲ. ಇಷ್ಟು ದಿನ ಅಪ್ಪನೆಂದರೆ ಕ್ರಾಂತಿಗೆ ಖಾಕಿ ಚೀಲ, ಸವೆದ ಚಪ್ಪಲಿ, ಸಂಜೆ ಬಿಸಿನೀರಿನಲ್ಲಿ ಇಳಿಬಿಟ್ಟ ಕಾಲು. ಒಳಗೆ ಬಾ ಎಂದು ಅವನನ್ನು ಕರೆದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಗಂಗಪ್ಪ ಯಾವ ಕೇರಿಯವನೆಂದು ಎಲ್ಲರಿಗೂ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಹೊಸ್ತಿಲಾಚೆ ನಿಂತೇ ಕಾಗದ ಕೊಟ್ಟವನು, ಅಲ್ಲಿಂದಲೇ ಒಬ್ಬೊಬ್ಬರ ಕಣ್ಣು, ಕತ್ತು, ಹೆಬ್ಬೆರಳು ಎಲ್ಲವನ್ನೂ ನೋಡಿಟ್ಟುಕೊಂಡಿದ್ದ. ಕ್ರಾಂತಿಗೆ ಹೆಮ್ಮೆಯಾಯಿತು. ಇಂಥವನ ಮನೆಯಲ್ಲಿ ಹುಟ್ಟಿಯೂ ಇವನನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಬೆರಗಾದಳು.

ಕೂಡ್ಲಿಗಿಯ ಓಬಳಪ್ಪಂದಿರಿಗಾಗಿ ಗಂಗಪ್ಪ ಅಲ್ಲಿನ ಹಳೇ ಪೋಸ್ಟ್‌ಮನ್ ಮಾರೇಶನನ್ನು ಕೇಳಿದ. ಹಡಗಲಿ ಕಡೆಯ ಮೈಲಾರಪ್ಪಂದಿರಿಗೆ ಅಂಚೆಯ ಈರಕ್ಕ, ಹರಪನಹಳ್ಳಿಗೆ ಪಂಚಾಕ್ಷರಪ್ಪ. ಫೋನಿನ ಸ್ಪೀಕರಿನಲ್ಲಿ ಅವರೂ ಹಾಗೇ ಹೇಳಿದರು: ಇಂಥವನ ಕಟ್ಟೆ, ಇಂಥವಳ ನಡಿಗೆ, ಇಂಥ ಬೇವಿನ ಮರ. ಮಾಯವಾದ ತೊಂಬತ್ತು ಚಿಲ್ಲರೆಯಲ್ಲಿ ನಿಜವಾಗಿ ಎರಡು ಸಲ ಬರೆದಿದ್ದ ಹೆಸರು ಮೂರೇ ಮೂರು. ಮೂರಕ್ಕೆ ಹತ್ತು ನಿಮಿಷ ಇರುವಾಗ ಫೈಲು ಹೋಯಿತು. ಬುತ್ತಿ ಬಿಚ್ಚಿರಲಿಲ್ಲ.

ಕೊಟ್ಟೂರಿನವರ ಆಪರೇಷನ್ ದಿನ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅಪ್ಪ ಮಗಳು ಇಬ್ಬರೂ ಹೋದರು. ಕರಾವಳಿ ಕಡೆಯಿಂದ ಬಂದ ನರ್ಸಮ್ಮ ಪಟ್ಟಿ ಹಿಡಿದು ನಿಂತು, "ಕೊಟ್ರಪ್ಪ ಯಾರು?" ಎಂದು ಕೂಗಿದಳು.

ಸಾಲಿಗೆ ಸಾಲೇ ಎದ್ದು ನಿಂತಿತು. ಪೇಟದವರು, ಟೋಪಿಯವರು, ಕೋಲೂರಿದವರು, ಮೊಮ್ಮಗಳ ಭುಜ ಹಿಡಿದವರು, ಎಲ್ಲರೂ ಕಪ್ಪು ಹಳದಿ ಕಾರ್ಡನ್ನು ತಲೆಯ ಮೇಲೆ ಎತ್ತಿ "ನಾನ್ರೀ", "ನಾನ್ರೀ ಯವ್ವ" ಎಂದರು. ನರ್ಸಮ್ಮ ಪಟ್ಟಿ ಹಿಡಿದೇ ಕಕ್ಕಾಬಿಕ್ಕಿಯಾದಳು. ಶಾಮಿಯಾನವೆಲ್ಲ ನಕ್ಕಿತು.

ಕ್ರಾಂತಿ ಮಾತ್ರ ನಗಲಿಲ್ಲ. ಒಂದು ಬೆರಳು ಒತ್ತಿ ತಾನು ಇಲ್ಲವೆನಿಸಿದ್ದವರು ಎದುರಿಗೆ ನಿಂತಿದ್ದರು, ಒಬ್ಬೊಬ್ಬರದೂ ಒಂದೊಂದು ಮುಖ. ಎಣಿಸಿದಳು. ಮತ್ತೆ ಎಣಿಸಿದಳು.

"ಯಪ್ಪ, ಮೂವತ್ತೇಳ ಮಂದಿ ಅದಾರ. ಒಬ್ಬ ಬಂದಿಲ್ಲ. ಕಾರ್ಡು ಮುಟ್ಟಿಲ್ಲೇನು?"

ಗಂಗಪ್ಪ ಆ ಸಾಲನ್ನು ಒಂದು ಸಲ ನೋಡಿದ, ಅಷ್ಟೇ.

"ಹಗ್ಗದ ಕೊಟ್ರಪ್ಪ ಅಂವ. ಮುಟ್ಟೈತವ್ವ. ಸೊಸಿ ಓದಿ ಹೇಳ್ಯಾಳಂತ. ನನ್ನ ಹೆಸರಿಗೇ ಬಂದೈತಾ ಅಂತ ಮೂರು ಸಲ ಓದಿಸ್ಯಾನಂತ. ಮೊನ್ನಿ ಸೋಮವಾರ ತೀರಿಕೊಂಡ."