ಒಳಗೆ ಬಿಟ್ಟ ಬಟ್ಟೆ

ಅರಮನೆಯವರು ಬೆನ್ನ ಹಿಂದೆ ತಮ್ಮ ದೊರೆಗೆ ಇಟ್ಟಿದ್ದ ಹೆಸರು ‘ಹೂಂ ಮಹಾರಾಜ’. ಪಾಪ, ಕೆಟ್ಟವನೇನಲ್ಲ. ಯಾರ ಮನಸ್ಸನ್ನೂ ನೋಯಿಸಲಾರದೇ ಹೋಗುವುದೇ ಅವನ ಕಾಯಿಲೆ. ಮಂತ್ರಿ ಬಂದು ನದಿಗೆ ಸೇತುವೆ ಕಟ್ಟಿಸೋಣ ಅಂದರೆ ಹೂಂ. ಮಂತ್ರಿ ಹೊಸಿಲು ದಾಟುವಷ್ಟರಲ್ಲಿ ತಾಯಿ ಬಂದು ಸೇತುವೆ ಯಾಕಪ್ಪಾ, ದೋಣಿ ಸಾಕು ಅಂದರೆ ಅದಕ್ಕೂ ಹೂಂ. ಹಾಗಾಗಿ ಆ ನದಿಯ ಮೇಲೆ ಅರ್ಧ ಸೇತುವೆಯೂ ಇತ್ತು, ಕೆಳಗೆ ತೂತುಬಿದ್ದ ದೋಣಿಯೂ ಇತ್ತು. ಕೊನೆಗೆ ಯಾರು ಅವನ ಕಿವಿಗೆ ಮಾತು ಹಾಕುತ್ತಾರೋ ಆ ಹೊತ್ತಿಗೆ ರಾಜ್ಯ ಅವರದು.

ಅರಮನೆಯ ಹಿಂಭಾಗದಲ್ಲಿ, ಕುದುರೆ ಲಾಯದ ಕಡೆಗೆ ಕಿಟಕಿಯಿದ್ದ ಹೊಲಿಗೆ ಕೋಣೆಗೂ ಈ ನಗೆಮಾತು ಬರುತ್ತಿತ್ತು. ಅಲ್ಲಿ ಕೂತು ಹೊಲಿಯುತ್ತಿದ್ದವಳನ್ನು ಎಲ್ಲರೂ ಹೊಲಿಗೆಯಮ್ಮ ಎನ್ನುತ್ತಿದ್ದರು. ಗಂಡ ಜ್ವರಕ್ಕೆ ಹೋದಾಗ ಮಗಳಿನ್ನೂ ತೆವಳುತ್ತಿದ್ದಳು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಚಿಂದಿಗಳ ರಾಶಿಯ ಮೇಲೆ ಮಲಗಿ, ಅಲ್ಲೇ ಎದ್ದು, ಅಲ್ಲೇ ಬೆಳೆದ ಹುಡುಗಿ. ಈಗ ಹದಿನೇಳರ ಹತ್ತಿರ. ಅವಳಿಗೂ ಅರಮನೆ ಒಂದು ಹೆಸರಿಟ್ಟಿತ್ತು: ಗೊಂಬೆ.

ಆ ಹೆಸರಿಗೆ ಕಾರಣ ದೊರೆಯ ಒಬ್ಬಳೇ ಮಗಳು, ರಾಜಕುಮಾರಿ. ಅಳತೆಗೆಂದು ನಿಲ್ಲಿಸಿದರೆ ಆಕೆಗೆ ಒಂದು ಗಳಿಗೆಯಲ್ಲೇ ಕಾಲು ನೋವು, ತಲೆ ಸುತ್ತು, ಗುಂಡುಸೂಜಿ ಕಂಡರೆ ಅಳು. ಇಬ್ಬರು ಹುಡುಗಿಯರದೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಮೈಕಟ್ಟು. ಹೊಲಿಗೆಯಮ್ಮನಿಗೆ ಕೆಲಸ ಸಾಗಬೇಕಿತ್ತು. ತನ್ನ ಮಗಳನ್ನು ಪೀಠದ ಮೇಲೆ ನಿಲ್ಲಿಸಿ ರಾಜಕುಮಾರಿಯ ಬಟ್ಟೆಗಳನ್ನೆಲ್ಲ ಅವಳ ಮೈಮೇಲೇ ಹೊಂದಿಸತೊಡಗಿದಳು. ಹುಡುಗಿ ಅಲುಗಾಡದೆ ನಿಲ್ಲುತ್ತಿದ್ದಳು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅದಕ್ಕೇ ಗೊಂಬೆ.

ಆ ರಾಜ್ಯದಲ್ಲಿ ದೊಡ್ಡ ಮನೆತನಗಳ ನಡುವೆ ಹೆಣ್ಣು ನಿಶ್ಚಯವಾದರೆ ಮೊದಲು ಹೋಗುತ್ತಿದ್ದುದು ಅಳತೆ ದಾರ. ಎತ್ತರ, ಭುಜ, ಸೊಂಟ, ಮಣಿಕಟ್ಟು, ಪಾದ, ಇಷ್ಟಕ್ಕೂ ಒಂದೊಂದು ಗಂಟು ಹಾಕಿದ ಕೆಂಪು ದಾರ. ಗಂಡಿನ ಕಡೆಯವರು ಅದನ್ನು ಹಿಡಿದು ಬಳೆ, ಪಾದರಕ್ಷೆ ಮಾಡಿಸುತ್ತಿದ್ದರು. ಗಡಿಯ ದೊರೆಗೆ ರಾಜಕುಮಾರಿಯನ್ನು ಕೊಡುವುದೆಂದು ಮಂತ್ರಿ ಮಾತು ಮುಗಿಸಿ ಬಂದಾಗ ಹೊಲಿಗೆಯಮ್ಮ ದಾರ ಕೊಟ್ಟಳು. ಎಂದಿನಂತೆ, ಯೋಚನೆಯನ್ನೇ ಮಾಡದೆ, ಗಂಟು ಹಾಕಿದ್ದು ಮಗಳ ಮೈ ನೋಡಿ.

ಇತ್ತ ದೊರೆಯ ತಾಯಿ, ಎಲ್ಲರೂ ದೊಡ್ಡಮ್ಮನವರು ಎನ್ನುತ್ತಿದ್ದ ಹಿರಿಯ ರಾಣಿ, ಮೊಮ್ಮಗಳನ್ನು ತನ್ನ ತವರಿಗೇ ಕೊಡಬೇಕೆಂದು ಮಗನ ಬಾಯಲ್ಲಿ ಹೂಂ ಅನ್ನಿಸಿಕೊಂಡಾಗಿತ್ತು. ಒಬ್ಬಳೇ ಮಗಳು, ಎರಡು ಕಡೆ ಮಾತು. ಒಂದು ತಿಂಗಳು ಮಂತ್ರಿಯೂ ದೊಡ್ಡಮ್ಮನವರೂ ಹಾವು ಮುಂಗುಸಿಯಂತಿದ್ದರು. ಆಮೇಲೊಂದು ದಿನ ಇಬ್ಬರೂ ಒಟ್ಟಿಗೆ ತೋಟದಲ್ಲಿ ತಿರುಗಾಡಿದ್ದನ್ನು ಮಾಲಿ ನೋಡಿದ. ಅಷ್ಟು ದಿನ ಜಗಳವಾಡಿದವರು ನಗುನಗುತ್ತ ಬರುತ್ತಿದ್ದಾರೆಂದರೆ ಯಾರದ್ದೋ ಮನೆ ಹಾಳಾಯಿತು ಅಂತಲೇ ಲೆಕ್ಕ ಎಂದು ಅವನು ಅಡುಗೆಮನೆಯಲ್ಲಿ ಹೇಳಿದ. ಎಲ್ಲರೂ ನಕ್ಕರು. ಹೊಲಿಗೆಯಮ್ಮನೂ ನಕ್ಕಳು.

ಮರುದಿನ ಬೆಳಗ್ಗೆ ಮಂತ್ರಿ ಹೊಲಿಗೆ ಕೋಣೆಗೆ ಬಂದ. ಅಂಥವನು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಕೂರಲು ಜಾಗ ಕಾಣದೆ ನೂಲಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಅಂಚಿಗೆ ಒರಗಿದ.

“ಮಗಳೆಲ್ಲಮ್ಮಾ?”

“ಬಣ್ಣದವನ ಹತ್ರ ಹೋಗಿದಾಳೆ ಸ್ವಾಮಿ. ರೇಷ್ಮೆ ಒಣಗಿದ್ಯಾ ನೋಡ್ಕೊಂಡು ಬರ್ತೀನಿ ಅಂತ.”

“ಒಳ್ಳೇದೇ ಆಯ್ತು. ನೋಡು, ಸುತ್ತಿಬಳಸಿ ಹೇಳೋಕೆ ನಂಗೆ ಬರಲ್ಲ. ರಾಜಕುಮಾರಿ ದೊಡ್ಡಮ್ಮನವರ ತವರಿಗೆ ಹೋಗ್ತಾಳೆ. ದೊರೆಗಳು ನಿನ್ನ ಮಗಳನ್ನ ದತ್ತು ತಗೋತಾರೆ. ಗಡಿ ದೊರೆಗೆ ಅವಳನ್ನೇ ಕೊಡ್ತೀವಿ.”

ಹೊಲಿಗೆಯಮ್ಮನ ತುಟಿಯ ನಡುವೆ ಎರಡು ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

“ಸ್ವಾಮಿ, ಆ ಮನುಷ್ಯ ಇಬ್ಬರು ಹೆಂಡತಿಯರನ್ನ ಮಣ್ಣು ಮಾಡಿದಾನೆ. ನನಗಿಂತ ದೊಡ್ಡವನು.”

“ರಾಜಕುಮಾರಿಗೂ ಅವನೇ ಗಂಡು ಆಗಿದ್ದ ಅಲ್ವಾ? ಆಗ ನೀನೇ ದಾರ ಕೊಟ್ಟೆ. ನಿನ್ನ ಬಾಯಿಂದ ಒಂದು ಮಾತು ಬರಲಿಲ್ಲ.”

ಅವಳು ದಿಂಬಿನ ಸೂಜಿಗಳನ್ನು ಇನ್ನೂ ಒಳಕ್ಕೆ ಒತ್ತಿದಳು.

“ಅವನು ಹುಡುಗಿ ಮುಖ ನೋಡಿಲ್ಲ,” ಎಂದ ಮಂತ್ರಿ, ಸಮಾಧಾನ ಹೇಳುವವನಂತೆ. “ನೋಡಿರೋದು ದಾರ ಒಂದೇ. ಅದು ಯಾರ ಅಳತೆ ಅಂತ ಈ ಅರಮನೇಲಿ ಕಸ ಗುಡಿಸೋಳಿಗೂ ಗೊತ್ತು. ಬಳೆ ಬಂದಿವೆ, ಪಾದರಕ್ಷೆ ಬಂದಿವೆ. ರಾಜಕುಮಾರಿ ಕಾಲಿಗೆ ಹತ್ತಲಿಲ್ಲ. ಅರ್ಧ ಕೆಲಸ ನೀನೇ ಮಾಡಿಕೊಟ್ಟಿದ್ದೀಯಮ್ಮ. ಹಾಂ, ಹುಡುಗಿಗೆ ಈಗಲೇ ಏನೂ ಹೇಳಬೇಡ. ಅತ್ತು ಕರೆದು ಮುಖ ಊದಿಸ್ಕೊಂಡರೆ ಚೆನ್ನಾಗಿರಲ್ಲ.”

ಅವನು ಹೋದಮೇಲೆ ಅವಳು ಮೇಜಿನ ಕೆಳಗಿನ ಚಿಂದಿಗಳನ್ನೇ ನೋಡುತ್ತ ಕೂತಳು. ಎಲ್ಲಿಗೆ ಓಡುವುದು? ಅರಮನೆಯ ಬಾಗಿಲಿಗೂ ಮಂತ್ರಿಯ ಆಳು, ಊರ ಬಾಗಿಲಿಗೂ ಮಂತ್ರಿಯ ಆಳು. ಉಳಿದಿದ್ದು ಒಂದೇ ದಾರಿ: ದೊರೆ. ಅವನ ಹೂಂ ಎಷ್ಟು ಹೊತ್ತು ಬಾಳುತ್ತದೆಂಬುದು ಅವಳಿಗೂ ಗೊತ್ತಿತ್ತು. ಇವತ್ತು ಕಾಲಿಗೆ ಬಿದ್ದರೆ ಸಂಜೆಯೊಳಗೆ ಮಾತು ತಿರುಗಿರುತ್ತದೆ. ಮದುವೆಯ ದಿನವೇ ಆಗಬೇಕು, ಸಭೆಗೆ ಕಾಲಿಡುವ ಮುಂಚಿನ ಗಳಿಗೆಯಲ್ಲೇ ಆಗಬೇಕು. ಸಭೆಯ ಬಾಗಿಲಿಗೆ ಅಂಟಿಕೊಂಡಿದ್ದ ಉಡುಗೆ ಕೋಣೆಯಲ್ಲಿ ದೊರೆಗೆ ನಿಲುವಂಗಿ ತೊಡಿಸಿ ಗುಂಡಿ ಹಾಕುವವಳು ಅವಳೇ. ಅವಳ ನಂತರ ಅವನ ಕಿವಿಗೆ ಮಾತು ಹಾಕಲು ಯಾರಿಗೂ ಸಂದು ಇರುತ್ತಿರಲಿಲ್ಲ.

ಅಲ್ಲಿಯವರೆಗೆ ಮಗಳನ್ನು ಯಾಕೆ ಹೆದರಿಸಬೇಕು? ಹೇಗೂ ತಪ್ಪಿಸುವುದೇ ಇದೆಯಲ್ಲ, ಅಂದುಕೊಂಡಳು. ಮಕ್ಕಳಿಂದ ಮುಚ್ಚಿಡುವಾಗ ಹೆತ್ತವರೆಲ್ಲ ಅಂದುಕೊಳ್ಳುವುದು ಅದನ್ನೇ.

ಮದುವೆಯ ನಿಲುವಂಗಿಯನ್ನು ಮಗಳ ಮೈಮೇಲೇ ಹೊಂದಿಸಬೇಕಾಯಿತು. ಗೊಂಬೆ ಎಂದಿನಂತೆ ಪೀಠ ಹತ್ತಿದಳು. ಎಂದಿನಂತಿರದೆ ಇದ್ದದ್ದು ಅವಳ ಬಾಯಿ.

“ಏನೇ, ನಾಲಿಗೆ ಬಣ್ಣದವನ ಅಂಗಡೀಲಿ ಬಿಟ್ಟು ಬಂದ್ಯಾ?” ಎಂದಳು ತಾಯಿ, ನಗೆ ತಂದುಕೊಂಡು.

“ಗೊಂಬೆ ಮಾತಾಡುತ್ತೇನಮ್ಮಾ?”

“ನೆಟ್ಟಗೆ ನಿಲ್ಲು. ತೋಳು ಎತ್ತು. ಬಿಗೀತಿದ್ಯಾ?”

“ಇಲ್ಲ... ಅಮ್ಮಾ, ಗಡಿ ಕಡೆ ತುಂಬಾ ಚಳಿಯಂತೆ, ಹೌದಾ?”

“ಇರಬಹುದು. ಚಳಿಯಾದರೆ ರಾಜಕುಮಾರಿಗೆ ಕಂಬಳಿಗೇನು ಬರ,” ಎಂದು ತಾಯಿ ಅಂಚು ಮಡಚುವ ನೆಪದಲ್ಲಿ ಕೆಳಗೆ ಬಗ್ಗಿದಳು. ಮೇಲಿಂದ ಮಗಳು ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಿದ್ದು ಅವಳಿಗೆ ಕಾಣಲಿಲ್ಲ.

ಆಮೇಲೆ ತಾಯಿ ಒಬ್ಬಳೇ ಕೂತು ಹೊಲಿದಳು. ರಾಜಕುಮಾರಿಯ ಬಟ್ಟೆಗಳಿಗೆ ಅವಳು ಎಂದೂ ಒಳಗೆ ಹೆಚ್ಚು ಬಟ್ಟೆ ಬಿಟ್ಟವಳಲ್ಲ. ಅರಮನೆಯವರು ಒಂದು ಉಡುಪನ್ನು ಬಿಚ್ಚಿ ದೊಡ್ಡದು ಮಾಡಿ ಉಡುವವರಲ್ಲ, ಹಳತಾದರೆ ಹೊಸತು. ಒಳಗೆ ಬಟ್ಟೆ ಬಿಡುವುದು ತಮ್ಮಂಥವರ ಮನೆಯ ಅಭ್ಯಾಸ. ಹುಡುಗಿ ಇನ್ನೂ ಬೆಳೆಯುತ್ತಾಳೆ, ಮುಂದೆ ಬಸಿರಾಗುತ್ತಾಳೆ, ಹೊಲಿಗೆ ಬಿಚ್ಚಿಕೊಂಡರೆ ನಾಕು ವರ್ಷ ಬರಲಿ ಎಂದು ಸೊಂಟದಲ್ಲಿ, ಅಂಚಿನಲ್ಲಿ ಒಳಗೊಳಗೇ ಮಡಚಿ ಇಡುವುದು. ಆ ದಿನ ಅವಳ ತಲೆ ದೊರೆಗೆ ಹೇಳಬೇಕಾದ ಮಾತುಗಳನ್ನು ಕಟ್ಟುವುದರಲ್ಲಿತ್ತು. ಕೈ ಮಾತ್ರ ತಾನು ಯಾರಿಗೆ ಹೊಲಿಯುತ್ತಿದ್ದೇನೆಂದು ತಿಳಿದುಕೊಂಡು ತನ್ನ ಪಾಡಿಗೆ ಕೆಲಸ ಮಾಡಿತು. ಸೊಂಟದ ಎರಡೂ ಬದಿಗೆ ಒಂದೊಂದು ಹಿಡಿಯಷ್ಟು, ಅಂಚಿಗೆ ಒಂದು ಗೇಣು, ರೇಷ್ಮೆ ಒಳಗೆ ಉಳಿಯಿತು. ಅದು ಅವಳ ಗಮನಕ್ಕೂ ಬರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ದೊಡ್ಡಮ್ಮನವರ ಕಡೆಯಿಂದ ಹೆಂಗಸರು ಬಂದು ಉಡುಪನ್ನು ಎತ್ತಿಕೊಂಡು ಹುಡುಗಿಯನ್ನೂ ಕರೆದುಕೊಂಡು ಹೋದರು. ಕೆಲಸವಿದೆಯಂತೆ. ಮಗಳು ಬಾಗಿಲಲ್ಲಿ ತಿರುಗಿ ನೋಡಿದಳು. ತಾಯಿ, “ಹೋಗಿ ಬಾ ಪುಟ್ಟಿ, ನಾಳೆ ಎಲ್ಲ ಸರಿಹೋಗುತ್ತೆ,” ಎಂದಳು.

ಮದುವೆಯ ಬೆಳಗ್ಗೆ ಉಡುಗೆ ಕೋಣೆಯಲ್ಲಿ ದೊರೆ ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದ. ಚಿಕ್ಕಂದಿನಿಂದಲೂ ಅವನಿಗೆ ಮೇಲಿನ ಗುಂಡಿಯನ್ನು ಜಗ್ಗುವ ಚಟ. ಹೊಲಿಗೆಯಮ್ಮ ಅದನ್ನು ಯಾವಾಗಲೂ ಎರಡೆರಡು ಸಲ ಹೊಲಿಯುತ್ತಿದ್ದಳು. ಈಗಲೂ ಅವನ ಬೆರಳು ಅಲ್ಲೇ ಇತ್ತು. ಅವಳು ಆ ಬೆರಳನ್ನು ಮೆಲ್ಲಗೆ ಬಿಡಿಸಿ ಅವನ ಕಾಲಬಳಿ ಕೂತುಬಿಟ್ಟಳು.

“ಸ್ವಾಮಿ, ನನಗಿರೋದು ಅದೊಂದೇ ಕೂಸು.”

“ಗೊತ್ತು ಹೊಲಿಗೆಯಮ್ಮ, ಗೊತ್ತು. ಏಳು, ಏಳಮ್ಮ.” ದೊರೆಯ ಕಣ್ಣಲ್ಲಿ ಆಗಲೇ ನೀರು. “ನಾನೇನ್ ಮಾಡ್ಲಿ ಹೇಳು? ಬೇಡ ಅಂದ್ರೆ ಮಂತ್ರಿ ಯುದ್ಧ ಬರುತ್ತೆ ಅಂತಾನೆ. ಅಮ್ಮ ಊಟ ಬಿಡ್ತಾರೆ.”

“ನೀವು ಬೇಡ ಅನ್ನೋದು ಬೇಡ ಸ್ವಾಮಿ. ಒಂದೇ ಒಂದು ಮಾತು ಅವಳನ್ನ ಕೇಳಿ. ಸಭೇಲಿ, ಎಲ್ಲರ ಎದುರಿಗೆ, ‘ನಿಂಗೆ ಒಪ್ಪಿಗೆನಾ’ ಅಂತ. ಅವಳು ಇಲ್ಲ ಅಂದರೆ ಅದು ನಿಮ್ಮ ಮಾತಲ್ಲ, ಹುಡುಗಿ ಮಾತು. ಒಲ್ಲದ ಹೆಣ್ಣನ್ನ ಕಟ್ಟಿಕೊಂಡ ಅನ್ನೋ ಮಾತು ಗಡಿ ದೊರೆಗೂ ಬೇಡ.”

ದೊರೆಯ ಬೆರಳು ಮತ್ತೆ ಮೇಲಿನ ಗುಂಡಿಗೆ ಹೋಯಿತು.

“ನನ್ನ ಮದುವೆ ದಿನ ನನ್ನ ಯಾರೂ ಕೇಳ್ಲಿಲ್ಲ,” ಎಂದ. “ಕೇಳಿದ್ರೆ ಏನಂತಿದ್ನೋ, ನಂಗೇ ಗೊತ್ತಿಲ್ಲ. ಹೂಂ ಹೊಲಿಗೆಯಮ್ಮ, ಕೇಳ್ತೀನಿ. ಖಂಡಿತ ಕೇಳ್ತೀನಿ.”

ಅವಳು ಗುಂಡಿ ಹಾಕಿದಳು. ಬಾಗಿಲು ತೆರೆಯಿತು. ನಡುವೆ ಯಾರೂ ಬರಲಿಲ್ಲ.

ಸಭೆಯ ಪಕ್ಕದ ಬಾಗಿಲ ಸಂದಿಯಿಂದ ಅವಳು ನೋಡಿದಳು. ಮಗಳು ನಡುವೆ ನಿಂತಿದ್ದಳು. ಪೀಠದ ಮೇಲೆ ನಿಲ್ಲುತ್ತಿದ್ದಂತೆಯೇ, ಅಲುಗಾಡದೆ. ಮುತ್ತು ಪೋಣಿಸಿದ ತೋಳು, ತಲೆಯ ಮೇಲೆ ಮುಸುಕು. ಒಂದು ಕೈ ಮಾತ್ರ ಸೊಂಟದ ಬಳಿ ಹೊಲಿಗೆಯನ್ನು ಸವರುತ್ತಿತ್ತು. ಮಂತ್ರಿ ಮುಂದೆ ಬಂದು ಮಾತು ಶುರುಮಾಡುವ ಮೊದಲೇ ದೊರೆ ಎದ್ದ. ಅವನು ತಾನಾಗಿ ಎದ್ದದ್ದನ್ನು ಯಾರೂ ಕಂಡವರಲ್ಲ, ಸಭೆಯೇ ಬೆಚ್ಚಿತು.

“ಮಗಳೇ, ಯಾರಿಗೂ ಹೆದರಬೇಡ. ಈ ಮದುವೆ ನಿನಗೆ ಒಪ್ಪಿಗೆಯೇ?”

ಹೊಲಿಗೆಯಮ್ಮ ಬಾಗಿಲ ಚೌಕಟ್ಟನ್ನು ಉಗುರು ಇಳಿಯುವಂತೆ ಹಿಡಿದಿದ್ದಳು.

“ಒಪ್ಪಿಗೆ,” ಎಂದಳು ಹುಡುಗಿ. ಗಟ್ಟಿಯಾಗಿ, ಕೊನೆಯ ಸಾಲಿನವರಿಗೂ ಕೇಳುವಂತೆ.

ಹೊಲಿಗೆಯಮ್ಮ ‘ಇಲ್ಲ’ ಎಂದು ಕೂಗಿದ್ದು ನಿಜ. ಅಷ್ಟರಲ್ಲಿ ವಾದ್ಯಗಳೂ ಕೂಗಿದ್ದವು. ಕಾವಲಿನವನು ಅವಳನ್ನು ಎದೆಯಿಂದ ಹಿಂದಕ್ಕೆ ತಳ್ಳಿ ಬಾಗಿಲು ಮುಚ್ಚಿದ. ಮುಚ್ಚುವ ಮುಂಚೆ ದೊರೆ ಈ ಕಡೆ ತಿರುಗಿದ್ದ. ಹಗುರಾದ ಮುಖ. ಕೊಟ್ಟ ಮಾತು ಉಳಿಸಿಕೊಂಡೆ ನೋಡು, ಯಾರಿಗೂ ನೋವಾಗಲಿಲ್ಲ ನೋಡು ಎಂಬಂತೆ ಅವಳತ್ತ ತಲೆಯಾಡಿಸಿ ನಕ್ಕಿದ್ದ.

ಸಂಜೆ ಹೊರಡುವ ಗಾಡಿಯ ಹತ್ತಿರ ತಾಯಿಗೆ ಒಂದು ಗಳಿಗೆ ಬಿಡುವು ಕೊಟ್ಟರು. ಉಡುಪಿನ ಅಂಚು ಸರಿಮಾಡಲೆಂದು. ಅವಳು ಕಲ್ಲುಹಾಸಿನ ಮೇಲೆ ಮಂಡಿಯೂರಿದಳು. ಮಗಳು ಬಗ್ಗಿದಳು.

“ಯಾಕೆ ಪುಟ್ಟಿ, ಯಾಕೆ ಹಾಗಂದೆ?” ಎಂದಳು ತಾಯಿ.

“ದೊಡ್ಡಮ್ಮನವರು ಹದಿನೈದು ದಿನದ ಹಿಂದೇನೇ ಹೇಳಿದ್ರಮ್ಮ. ‘ನಿಮ್ಮಮ್ಮ ಒಪ್ಪಿದಾಳೆ, ಕೇಳಿದ್ರೆ ಅಳ್ತಾಳೆ, ಕೇಳಬೇಡ’ ಅಂತ. ನಾನು ನಂಬಲಿಲ್ಲ. ನಮ್ಮಮ್ಮ ಒಪ್ಪಲ್ಲ, ಹೇಗಾದ್ರೂ ಮಾಡಿ ತಪ್ಪಿಸ್ತಾಳೆ ಅಂತಲೇ ಕಾಯ್ತಿದ್ದೆ. ಇವತ್ತು ಬೆಳಗ್ಗೆ ಬಟ್ಟೆ ಹಾಕ್ಕೊಂಡಾಗ ಕೈಗೆ ಸಿಕ್ತು.” ಹುಡುಗಿ ತಾಯಿಯ ಬೆರಳು ಹಿಡಿದು ತನ್ನ ಸೊಂಟದ ಹೊಲಿಗೆಗೆ ಮುಟ್ಟಿಸಿದಳು. ರೇಷ್ಮೆಯೊಳಗೆ ಮಡಚಿಟ್ಟ ರೇಷ್ಮೆ, ದಪ್ಪಗೆ. “ಇಷ್ಟೊಂದು ಬಟ್ಟೆ ಬಿಟ್ಟಿದೀಯಲ್ಲಮ್ಮ. ಬಸುರಿಯಾದ್ರೂ ಸಾಲಬೇಕು ಅಂತ. ರಾಜಕುಮಾರಿಗೆ ಯಾವತ್ತಾದ್ರೂ ಹೀಗೆ ಬಿಟ್ಟಿದ್ಯಾ? ಆವಾಗ ಗೊತ್ತಾಯ್ತು, ನೀನು ಕಳಿಸೋಕೆ ಗಟ್ಟಿ ಮನಸ್ಸು ಮಾಡಿದೀಯ ಅಂತ. ನಾನು ಇಲ್ಲ ಅಂದಿದ್ರೆ ಇವರು ನಿನ್ನ ಸುಮ್ನೆ ಬಿಡ್ತಿದ್ರಾ?”

ಹೊಲಿಗೆಯಮ್ಮನ ಬೆರಳು ಆ ಮಡಿಕೆಯ ಮೇಲೇ ನಿಂತಿತು. ತನ್ನದೇ ಹೊಲಿಗೆ. ಸಣ್ಣ, ಒತ್ತಾದ, ಯಾರೂ ತಪ್ಪು ಹುಡುಕಲಾಗದ ಹೊಲಿಗೆ.

ಗಾಡಿಯವನು ಕುದುರೆಯ ಲಗಾಮು ಎಳೆದುಕೊಂಡ. ಒಳಗಿನಿಂದ ಯಾರೋ ಹೊತ್ತಾಯಿತು ಎಂದರು.

“ನೀನು ಒಪ್ಪಿನೇ ಕಳಿಸ್ತಿದೀಯ ಅಲ್ವಾಮ್ಮ?” ಮಗಳ ದನಿ ಈಗ ಮೇಜಿನ ಕೆಳಗೆ ಆಡುತ್ತಿದ್ದ ಕೂಸಿನದು. “ಹೇಳು. ನೀನು ಒಪ್ಪಿದೀಯ ಅಂದ್ರೆ ನಂಗೆ ಹೆದರಿಕೆ ಇಲ್ಲ.”

ಇಲ್ಲ ಅಂದರೆ ಗಾಡಿ ನಿಲ್ಲುತ್ತಿರಲಿಲ್ಲ. ಆ ಇಲ್ಲವನ್ನು ಕಟ್ಟಿಕೊಂಡು ಮಗಳು ಅಷ್ಟು ದೂರ ಹೋಗಬೇಕಿತ್ತು, ಆ ಚಳಿಯ ಊರಲ್ಲಿ ಅದರ ಜೊತೆ ಬದುಕಬೇಕಿತ್ತು.

ಹೊಲಿಗೆಯಮ್ಮ ಅಂಚಿನ ಮಣ್ಣು ಕೊಡವಿದಳು. ಮುಖವೆತ್ತಿ ಮಗಳನ್ನು ನೋಡಿದಳು.

“ಹೂಂ,” ಎಂದಳು.